ಹಗೇವಿನ ಕಲ್ಲು, ಅವ್ವನ ತಾಟು

ಹೋದ ಬ್ಯಾಸಗಿಯಾಗ ಉಗರಗೋಳದ ಹಳೇ ಮನಿ ಅಂಗಳಕ್ಕ ಫರಸಿ ಹಾಕಸಾಕ ಹಿಡದಿದ್ವಿ. ಗೌಂಡಿ ಹಾರಿ ಹಾಕಿದಾಗ ಒಂದು ಕಡೆ ನೆಲ ಢಬ್ ಅಂತು. "ಅಕ್ಕಾರ, ಇಲ್ಲೆ ಕೆಳಗ ಪೊಳ್ಳ ಐತಿ ನೋಡ್ರಿ" ಅಂದ. ಮಣ್ಣು ಸರಿಸಿದ್ರ ಒಂದು ಚಪ್ಪಡಿ ಕಲ್ಲು, ಅದರ ಕೆಳಗ ಒಬ್ಬ ಮನಶಾ ಇಳಿಯುವಷ್ಟು ಗುಂಡನ ಬಾಯಿ. ಬೈಲಹೊಂಗಲದಿಂದ ಬಂದ ನಮ್ಮ ಸೊಸಿ ಬಗ್ಗಿ ನೋಡಿ, "ಅತ್ತೀ, ಇದು ಹಳೇ ಸಂಡಾಸದ ಗುಂಡಿ ಏನ್ರಿ?" ಅಂತ ಕೇಳಿದ್ಲು. ಮೊದಲು ನಗಿ ಬಂತು, ಆಮ್ಯಾಲ ಹೊಟ್ಟ್ಯಾಗ ಏನೋ ಚುರ್ ಅಂತು. ಅದು ನಮ್ಮ ಆಯಿ ಕಾಲದ ಹಗೇವು. ಒಂದು ಕಾಲಕ್ಕ ಈ ಮನಿ ಮಂದಿದು ಇಡೀ ವರ್ಷದ ರೊಟ್ಟಿ ಆ ಬಾಯಾಗ ಇತ್ತು.

ನಮ್ಮ ಓಣಿ ಹೆಣ್ಣಮಕ್ಕಳು ಕೂಡಿದಾಗೆಲ್ಲಾ ಈಗ ಒಂದ ಮಾತು. ಬ್ಯಾಳಿ ತುಟ್ಟಿ, ಎಣ್ಣಿ ತುಟ್ಟಿ, ಸಂತಿಗೆ ಐದನೂರು ತಗೊಂಡು ಹೋದ್ರ ಚೀಲದ ತಳಾ ಸೈತ ತುಂಬೂದಿಲ್ಲ. "ನಿಮ್ಮ ಆಯಿ ಹತ್ತು ಮಂದಿನ್ನ ಹೆಂಗ ಸಾಕಿದ್ಲವಾ?" ಅಂತ ನನ್ನ ಕೇಳತಾರು. ಅದಕ್ಕ ಈ ಸಲ ಅಡಗಿ ಬರಿಯೂದು ಬಿಟ್ಟು ಕಾಳು ಕೂಡಿಟ್ಟ ಕತಿ ಬರಿಯಾಕ ಕುಂತೇನಿ. ನಮ್ಮ ಹಿರ್ಯಾರು ಕಡಿಮಿ ರೊಕ್ಕದಾಗ ಚೊಲೋ ಉಂಡ್ರು ಅನ್ನೂದು ಖರೇ ಐತಿ. ಆದ್ರ ಆ ಲೆಕ್ಕದಾಗ ಒಂದು ಖರ್ಚು ಯಾರೂ ಬರದಿಡಲಿಲ್ಲ. ಅದನ್ನೂ ಹೇಳತೇನಿ, ಕಡೀತನಕ ಓದ್ರಿ.

ನೆಲದಾಗಿನ ಪೆಟಿಗಿ

ಹಗೇವು ಅಂದ್ರ ನೆಲದಾಗ ತೋಡಿದ ಕಾಳಿನ ಪೆಟಿಗಿ. ನೀರ ಬಸಿ ಇಲ್ಲದ ಗಟ್ಟಿ ನೆಲಾ ನೋಡಿ ತೋಡತಿದ್ರು. ಬಾಯಿ ಸಣ್ಣದು, ಹೊಟ್ಟಿ ದೊಡ್ಡದು, ಗಡಗಿ ಹಂಗ. ಒಳಗ ಸುತ್ತಲೂ, ತಳಕ್ಕೂ ಒಣಾ ಕಣಕಿ, ಹೊಟ್ಟು ಹಾಸಿ, ಚೆಂದಂಗ ಒಣಗಿದ ಬಿಳಿಜ್ವಾಳ ಸುರದು, ಮ್ಯಾಲ ಮತ್ತ ಹೊಟ್ಟು ಹಾಕಿ, ಚಪ್ಪಡಿ ಮುಚ್ಚಿ, ಮಣ್ಣು ಮೆತ್ತಿ ಬಂದ್ ಮಾಡ್ತಿದ್ರು. ಮ್ಯಾಲ ದನಾ ಅಡ್ಡಾಡಿದ್ರೂ ಗೊತ್ತಾಗತಿರಲಿಲ್ಲ. ಕಳ್ಳರಿಗೂ ಕಾಣತಿರಲಿಲ್ಲ, ಬೆಂಕಿ ಬಿದ್ರೂ ಸುಡತಿರಲಿಲ್ಲ.

ಹುಳ ಯಾಕ ಹತ್ತತಿರಲಿಲ್ಲ ಅಂದ್ರ, ಕಾಳಿಗೂ ಜೀವ ಐತಿ, ಅದೂ ಉಸಿರಾಡತೈತಿ. ಗಾಳಿ ಹೋಗದಂಗ ಬಾಯಿ ಮುಚ್ಚಿದ ಮ್ಯಾಲ ಕಾಳೂ ಅದರಾಗಿನ ಹುಳಾನೂ ಕೂಡಿ ಒಳಗಿನ ಆಮ್ಲಜನಕ ಮುಗಸ್ತಾವು, ಉಳಿಯೂದು ಇಂಗಾಲದ ಡೈಆಕ್ಸೈಡ್. ಅದರಾಗ ಹುಳ ಬದುಕೂದಿಲ್ಲ. ಈಗ ಅಂಗಡ್ಯಾಗ ಗಾಳಿ ಆಡದ ಪ್ಲಾಸ್ಟಿಕ್ ಚೀಲ ಮಾರತಾರಲ್ಲ, ಅದೂ ಇದ ಯುಕ್ತಿ.

ಆದ್ರ ಅದೇ ಗಾಳಿ ಮನಶಾರನ್ನೂ ತಗೊಂಡು ಹೋಗತಿತ್ತು. ಹಗೇವು ತಗದ ಕೂಡಲೇ ಒಳಗ ಇಳದವ ಅಲ್ಲೇ ಕುಸದು ಬೀಳತಿದ್ದ. ಅದಕ್ಕ ಬಾಯಿ ತಗದು ಒಂದು ದಿನಾ ಹಂಗ ಬಿಟ್ಟು, ಹಗ್ಗಕ್ಕ ಕಂದೀಲ ಕಟ್ಟಿ ಇಳಿಬಿಟ್ಟು, ದೀಪ ಆರದಿದ್ರ ಅಷ್ಟ ಮನಶಾನ್ನ ಇಳಸತಿದ್ರು. ಯಾರದರ ಮನ್ಯಾಗ ಹಳೇ ಹಗೇವು ಇನ್ನೂ ಇದ್ರ ಹುಡುಗೂರನ್ನ ಹಂತ್ಯಾಕ ಬಿಡಬ್ಯಾಡ್ರಿ, ಇದನ್ನ ಮಾತ್ರ ಕೈ ಮುಗದು ಹೇಳತೇನಿ.

ನಮ್ಮ ಹಗೇವು ಇಪ್ಪತ್ತು ಚೀಲದ್ದು ಅಂತ ಆಯಿ ಹೇಳತಿದ್ಲು. ಅದು ತುಂಬೂದು ಗಂಡಸರ ಕೆಲಸ, ತಗಿಯೂದು ಅವರದ. ಆದ್ರ ಯಾವಾಗ ತಗೀಬೇಕು, ಎಷ್ಟು ತಗೀಬೇಕು, ಮುಂದಿನ ಸುಗ್ಗಿತನಕ ಎಷ್ಟು ಉಳೀಬೇಕು ಅನ್ನೂ ಲೆಕ್ಕ ಆಯಿದು. ಆಕಿಗೆ ಸಾಲಿ ಅಕ್ಷರ ಗೊತ್ತಿರಲಿಲ್ಲ. ಗ್ವಾಡಿಗೆ ಸುಣ್ಣದ ಬಟ್ಟು ಹಚ್ಚಿ ಲೆಕ್ಕಾ ಇಡತಿದ್ಲು. ಮಿಕ್ಕ ಕಾಳೆಲ್ಲಾ ಮನಿ ಒಳಗ ಗುಮ್ಮಿ, ಗಡಗಿ, ಹರವಿಯೊಳಗ. ತೊಗರಿಗೆ ಕೆಮ್ಮಣ್ಣು ಕಲಸಿ ಒಣಗಿಸಿ ಬ್ಯಾಳಿ ಒಡಿಯೂದು, ಬ್ಯಾಳಿಗೆ ಔಡಲ ಎಣ್ಣಿ ಕೈಯಾಡಿಸಿ ಇಡೂದು, ಬೀಜದ ಕಾಳಿಗೆ ಬೂದಿ ಬೆರಸೂದು, ಗೋದಿಯೊಳಗ ಬೇವಿನ ತಪ್ಪಲಾ ಹಾಕೂದು. ಪ್ರತಿ ಕಾಳಿಗೂ ಒಂದೊಂದು ಔಷಧ. ಇದೆಲ್ಲಾ ಹೆಣ್ಣಮಕ್ಕಳ ಕೈಯಾಗಿನ ವಿದ್ಯಾ, ಯಾವ ಪುಸ್ತಕದಾಗೂ ಇರಲಿಲ್ಲ.

ಧಾತು ವರ್ಷದ ಬರ

ಇಷ್ಟು ಭಯ ಪಟ್ಟು ಕೂಡಿಡೂದು ಯಾಕ ಅಂತ ಸಣ್ಣಾಕಿ ಇದ್ದಾಗ ನಂಗ ತಿಳೀತಿರಲಿಲ್ಲ. ತಾಟಿನಾಗ ಒಂದು ಚೂರು ರೊಟ್ಟಿ ಬಿಟ್ರ ಆಯಿ "ಧಾತು ಬರ ನೆನಸ್ಕೋ" ಅಂತಿದ್ಲು. ಆಕಿ ಆ ಬರ ಕಂಡಾಕಿ ಅಲ್ಲ, ಆಕಿ ಹುಟ್ಟೂಕಿಂತ ಎಷ್ಟೋ ಮೊದಲಿನ ಮಾತು ಅದು. ಆಕಿಗೆ ಅಕಿ ಆಯಿ ಹೇಳಿದ್ದು. ದೊಡ್ಡಾಕಿ ಆದ ಮ್ಯಾಲ ಓದಿ ತಿಳಕೊಂಡೆ.

ಅದು 1876ರಿಂದ 1878ರತನಕ ದಖ್ಖನದಾಗ, ಮದ್ರಾಸ ಸೀಮ್ಯಾಗ, ಮೈಸೂರಾಗ ಬಿದ್ದ ದೊಡ್ಡ ಬರ. ಶುರು ಆಗಿದ್ದು ಧಾತು ಸಂವತ್ಸರದಾಗ. ಆಗ ನಾವು ಮುಂಬೈ ಪ್ರಾಂತ್ಯದವರು, ನಮ್ಮ ಸವದತ್ತಿ ಇದ್ದ ತಾಲೂಕಿಗೆ ಪರಸಗಡ ತಾಲೂಕು ಅಂತಿದ್ರು. ಮುಂಗಾರಿ ಕೈಕೊಟ್ಟಿತು, ಹಿಂಗಾರಿನೂ ಬರಲಿಲ್ಲ. ನಮ್ಮ ಯರಿ ಹೊಲಕ್ಕ ಹಿಂಗಾರಿ ಹೋದ್ರ ಬಿಳಿಜ್ವಾಳ ಹೋತು, ಕಡ್ಲಿ ಹೋತು, ಕುಸುಬಿ ಹೋತು, ದನದ ಕಣಕಿನೂ ಹೋತು. ನಮ್ಮ ಭಾಗಕ್ಕ ಆಗ ರೇಲ್ವೆ ಬಂದಿರಲಿಲ್ಲ. ಹೊರಗಿಂದ ಕಾಳು ಬರಬೇಕಂದ್ರ ಚಕ್ಕಡಿ ಬೇಕು, ಚಕ್ಕಡಿಗೆ ಎತ್ತು ಬೇಕು, ಎತ್ತಿಗೆ ಮೇವ ಇಲ್ಲ. 1872ರ ಜನಗಣತಿಗೂ 1881ರ ಜನಗಣತಿಗೂ ಹೋಲಿಸಿ ನೋಡಿದ್ರ ಬೆಳಗಾವಿ, ಧಾರವಾಡ, ಕಲಾದಗಿ ಮೂರೂ ಜಿಲ್ಲಾದಾಗ ಮಂದಿ ಕಡಿಮಿ ಆಗ್ಯಾರು. ಒಂಬತ್ತು ವರ್ಷದಾಗ ಮಂದಿ ಬೆಳಿಬೇಕಿತ್ತು, ಇಲ್ಲೆ ಕರಗಿದ್ರು.

ಹಗೇವು ಇದ್ದ ನಾಡಿನ್ಯಾಗ ಹಿಂಗ ಯಾಕಾತು? ಇದಕ್ಕ ಸ್ವಲ್ಪ ಹಿಂದಕ್ಕ ಹೋಗಬೇಕು. 1861ರಿಂದ 1865ರತನಕ ಅಮೆರಿಕಾದಾಗ ಅವರವರ ನಡುವ ಯುದ್ಧ ನಡೀತು. ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿಂದ ಹತ್ತಿ ಬರೂದು ನಿಂತು, ಅವರ ಕಣ್ಣು ನಮ್ಮ ಕಡೆ ಬಿತ್ತು. ಹತ್ತಿಗೆ ಬಂಗಾರದ ರೇಟ ಬಂತು. ಧಾರವಾಡ, ಬೆಳಗಾವಿ ಸೀಮ್ಯಾಗ ಜ್ವಾಳ ಬಿತ್ತೂ ಹೊಲಕ್ಕ ಹತ್ತಿ ಬಂತು. ಯುದ್ಧ ಮುಗೀತು, ರೇಟ ಬಿತ್ತು. ಆದ್ರ ಕೈಯಾಗ ರೊಕ್ಕ ಹಿಡದು ಕಾಳು ಕೊಳ್ಳೂ ರೂಢಿ ಉಳೀತು, ಸರಕಾರದ ಪಟ್ಟಿನೂ ರೊಕ್ಕದಾಗ ಕಟ್ಟಬೇಕಿತ್ತು. ರೊಕ್ಕಕ್ಕಂತ ಹತ್ತಿ ಬಿತ್ತಿದವನ ಮನಿ ಹಗೇವು ಅರ್ಧ ಖಾಲಿ. ಇನ್ನ ಹೊಲಾನ ಇಲ್ಲದ ಕೂಲಿಕಾರರಿಗೆ ಹಗೇವು ಎಲ್ಲಿಂದ ಬರಬೇಕು? ಅವರು ಸುಗ್ಗ್ಯಾಗ ಆಯಾ ತಂದು, ಹೊಲಾ ಇದ್ದವರ ಮನಿ ಕಾಳಿನ ಮ್ಯಾಲ ವರ್ಷಾ ನೂಕತಿದ್ರು. ಬರ ಬಂದಾಗ ಮೊದಲು ಹೋದವರು ಅವರು. ನಮ್ಮ ಹಗೇವಿನ ಹೆಮ್ಮಿ ಹೇಳೂವಾಗ ಇದನ್ನ ಬಿಟ್ಟು ಹೇಳಿದ್ರ ಪಾಪ ಬರತೈತಿ.

ಒಂದು ಪೌಂಡ್ ಕಾಳಿನ ವಾದ

ಅಕ್ಕಾರ, ಈಗ ಒಂದು ಮಾತು ಕೇಳ್ರಿ. "ಕಡಿಮಿ ಖರ್ಚಿನ್ಯಾಗ ಊಟ" ಅಂತ ನಾವು ಇವತ್ತು ಮಾತಾಡತೇವಲ್ಲ, ಆ ಬರದಾಗ ಸರಕಾರಾನೂ ಅದೇ ಲೆಕ್ಕ ಹಾಕಿತ್ತು. ಬರದ ಕೆಲಸಕ್ಕ ಬಂದವರು ಕಲ್ಲು ಒಡಿಬೇಕು, ರಸ್ತಾ ಹಾಕಬೇಕು, ಕೆರಿ ತೋಡಬೇಕು. ಇವರಿಗೆ ದಿನಕ್ಕ ಎಷ್ಟು ಕೊಟ್ರ ಜೀವ ಉಳೀತೈತಿ? ಸರ್ ರಿಚರ್ಡ್ ಟೆಂಪಲ್ ಅಂತ ಒಬ್ಬ ದೊಡ್ಡ ಅಧಿಕಾರಿ, 1877ರಾಗ ಆಮ್ಯಾಲ ಮುಂಬೈ ಗವರ್ನರನೂ ಆದ. ಅಂವ ಹೇಳಿದ್ದು, ಗಂಡಸಿಗೆ ದಿನಕ್ಕ ಒಂದು ಪೌಂಡ್ ಕಾಳು, ಮ್ಯಾಲೊಂದು ಆಣೆ. ಹೆಣ್ಣಮಕ್ಕಳಿಗೆ ಅದಕ್ಕಿಂತ ಕಡಿಮಿ ಕೂಲಿ. ಒಂದು ಪೌಂಡ್ ಅಂದ್ರ ಸುಮಾರು 450 ಗ್ರಾಂ. ನಾವು ಬಡಿಯೂ ದೊಡ್ಡ ರೊಟ್ಟಿ ಆದ್ರ ಐದು. ದಿನಾ ಬಿಸಲಾಗ ಕಲ್ಲು ಒಡಿಯೂ ಮನಶಾಗ ಎರಡೂ ಹೊತ್ತು ಸೇರಿ ಐದು ರೊಟ್ಟಿ.

ಮುಂಬೈ ಪ್ರಾಂತ್ಯದಾಗ ಕೂಲಿ ಕಡಿಮಿ ಮಾಡಿದಾಗ ಸಾವಿರಗಟ್ಟಲೆ ಮಂದಿ ಬರದ ಕೆಲಸ ಬಿಟ್ಟು ಎದ್ದು ಹೋದ್ರು. ಹಸದ ಮಂದಿ ಮಾಡಿದ ಮುಷ್ಕರ ಅದು. ಪುಣೆ ಸಾರ್ವಜನಿಕ ಸಭಾದವರು ಅವರ ಪರ ಸರಕಾರಕ್ಕ ಬರದ್ರು. ಅತ್ತ ಮದ್ರಾಸಿನ ಆರೋಗ್ಯ ಖಾತೆಯ ಡಾಕ್ಟರ್ ಕಾರ್ನಿಶ್ ಅನ್ನವ, ಇಷ್ಟರಾಗ ದುಡಿಯೂ ಮನಶಾ ಕರಗಿ ಹೋಗ್ತಾನ, ಕಾಳೂ ಹೆಚ್ಚ ಬೇಕು, ಬರೇ ಕಾಳಷ್ಟ ಸಾಲೂದಿಲ್ಲ, ಜೋಡಿ ಬ್ಯಾಳಿ, ಕಾಯಿಪಲ್ಲೆ ಬೇಕು ಅಂತ ವಾದಾ ಮಾಡಿದ. ಮದ್ರಾಸಿನಾಗ ಅದೇ ವರ್ಷ ಟೆಂಪಲ್ಲನ ಲೆಕ್ಕ ಸ್ವಲ್ಪ ಸಡಿಲ ಆತು.

ಆ ವಾದದಾಗ ಡಾಕ್ಟರ್ ಹೇಳಿದ್ದು ನಮ್ಮ ಆಯಿ ಗಡಗಿ ಸಾಲಿನಾಗ ಮೊದಲಿಂದ ಇತ್ತು ನೋಡ್ರಿ. ಹಗೇವಿನಾಗ ಜ್ವಾಳ ಇದ್ರ ಹೊಟ್ಟಿ ತುಂಬತೈತಿ, ಮೈ ತುಂಬೂದಿಲ್ಲ. ಅದಕ್ಕಂತ ಜ್ವಾಳದ ಜೋಡಿ ಕಡ್ಲಿ, ಹೆಸರು, ಮಡಕಿ, ಅಲಸಂದಿ, ಹುರಳಿ ಇರಬೇಕು. ಗುರೆಳ್ಳು, ಅಗಸಿ ಹಿಂಡಿ ಇರಬೇಕು. ಬ್ಯಾಸಗಿಗೆ ಒಣಗಿಸಿದ ಕಡ್ಲಿ ಪಲ್ಯ, ಚವಳಿಕಾಯಿ, ಬದನಿಕಾಯಿ ಇರಬೇಕು. ಇದು ಬಾಯಿ ಚಪಲ ಅಲ್ಲ. ಜ್ವಾಳದಾಗ ಕಡಿಮಿ ಇರೂ ಲೈಸಿನ್ ಅನ್ನೂ ಅಂಶ ಬ್ಯಾಳಿಕಾಳಿನಾಗ ಭರ್ತಿ ಐತಿ. ಎರಡೂ ಕೂಡಿದ್ರ ಒಂದರ ಕೊರತಿ ಇನ್ನೊಂದು ತುಂಬತೈತಿ.

ಕೂಡದಿದ್ರ ಏನಾಕ್ಕೈತಿ ಅನ್ನೂದೂ ಇತಿಹಾಸದಾಗ ಐತಿ. 1960ರ ಸುಮಾರಿಗೆ ಹೈದರಾಬಾದಿನ ಪೋಷಣ ಸಂಶೋಧನಾಲಯದಾಗ ಡಾಕ್ಟರ್ ಸಿ. ಗೋಪಾಲನ್ ಮತ್ತ ಅವರ ಜೋಡಿಯವರು ಒಂದು ರೋಗ ಹಿಡದು ನೋಡಿದ್ರು. ದಖ್ಖನದ ಬಡವರಾಗ, ಬರೇ ಜ್ವಾಳದ ಮ್ಯಾಲ ಇದ್ದವರಾಗ, ಬಿಸಲು ಬಿದ್ದಲ್ಲಿ ಚರ್ಮ ಕರ್ರಗಾಗಿ ಸುಲಿಯೂದು, ಬಾಯಿ ಹುಣ್ಣಾಗೂದು, ಭೇದಿ, ಬುದ್ಧಿ ಮಂಕಾಗೂದು. ಅದಕ್ಕ ಪೆಲಾಗ್ರಾ ಅಂತಾರ. ನಯಾಸಿನ್ ಅನ್ನೂ ಜೀವಸತ್ವದ ಕೊರತಿ ಅದು. ನಯಾಸಿನ್ ಭರ್ತಿ ಇರೂದು ಎದರಾಗ ಗೊತ್ತೈತೇನು? ನಮ್ಮ ಶೇಂಗಾದಾಗ. ಶೇಂಗಾ, ಮೆಣಸಿನಕಾಯಿ ಎರಡೂ ಅಮೆರಿಕಾ ಖಂಡದಿಂದ ಬಂದ ಬೆಳಿ, ನಮ್ಮವು ಅಲ್ಲ. ಆದ್ರ ನಮ್ಮ ಹೆಣ್ಣಮಕ್ಕಳು ಅವೆರಡನ್ನೂ ಕೂಡಿಸಿ ಕುಟ್ಟಿ ರೊಟ್ಟಿ ಮಗ್ಗಲಕ ಇಟ್ರು. ಬಡವರ ಶೇಂಗಾ ಹಿಂಡಿ ಅಂತ ಯಾರರ ಮೂಗು ಮುರದ್ರ ಇದನ್ನ ಹೇಳ್ರಿ.

ಗುಡ್ಡದ ದಾರಿ, ಬುತ್ತಿ ಗಂಟು

ನಾವು ಎಲ್ಲಮ್ಮನ ಗುಡ್ಡದ ಬುಡಕ ಇರೂ ಮಂದಿ. ಬನದ ಹುಣ್ಣಿಮಿ, ಭಾರತ ಹುಣ್ಣಿಮಿ ಬಂತಂದ್ರ ಸುತ್ತಲಿನ ಜಿಲ್ಲಾದವರು, ಕೊಲ್ಲಾಪುರ ಕಡಿಯವರು ನಮ್ಮೂರ ದಾರೀಲೇ ಗುಡ್ಡಕ್ಕ ಏರತಾರ. ಈಗ ಟ್ರ್ಯಾಕ್ಟರ್, ಟೆಂಪೋ. ನಾ ಸಣ್ಣಾಕಿ ಇದ್ದಾಗ ಚಕ್ಕಡಿ ಸಾಲು. ಆ ಚಕ್ಕಡ್ಯಾಗ ವಾರಗಟ್ಟಲೆ ಆಗೂವಷ್ಟು ಊಟ ಇರತಿತ್ತು: ಕಟಕ್ ರೊಟ್ಟಿ, ಶೇಂಗಾ ಹಿಂಡಿ, ಕೆಂಪ ಚಟ್ನಿ, ಉಳ್ಳಾಗಡ್ಡಿ, ಹುರದ ಹಿಟ್ಟು, ಬೆಲ್ಲ. ನೀರು ಹಾಕದ, ಕೆಡದ, ಅಂಗಡಿ ಹುಡುಕದ ಊಟ. ಸಾವಿರಗಟ್ಟಲೆ ಮಂದಿ ಬಂದ್ರೂ ನಮ್ಮ ಸಣ್ಣ ಊರ ಮ್ಯಾಲ ಭಾರ ಬೀಳತಿರಲಿಲ್ಲ, ಯಾಕಂದ್ರ ಅವರ ಮನಿ ಹೆಣ್ಣಮಕ್ಕಳು ಹದಿನೈದು ದಿನಾ ಮೊದಲ ರೊಟ್ಟಿ ಬಡದು, ಒಣಗಿಸಿ, ಬುಟ್ಟಿ ತುಂಬಿರತಿದ್ರು. ಕೂಡಿಡೂದರ ಹಬ್ಬದ ರೂಪ ಅದು.

ಗುಡ್ಡದಾಗ ಪಡ್ಡಲಗಿ ತುಂಬಸೂವಾಗ ನೋಡ್ರಿ, ಹೋಳಗಿ, ಕಡಬು, ವಡಿ, ಪಲ್ಯ, ಅನ್ನ ಎಲ್ಲಾ ಬಿದ್ದ ಮ್ಯಾಲ ಅದನ್ನ ಜೋಗಮ್ಮಂದಿರ ಜೋಡಿ ಹಂಚಿ ಉಣ್ಣೂದು. ಎಳ್ಳ ಅಮಾಸಿ ಚರಗದಾಗೂ ಹಂಗ. ಹೊಲಕ್ಕ ಚಲ್ಲಿ, ಆಳಿಗೆ ಉಣಿಸಿ, ದಾರ್ಯಾಗ ಹೋಗವನ್ನ ಕರದು ನಾವು ಉಣ್ಣೂದು. ಕೂಡಿಟ್ಟದ್ದು ಹಂಚಾಕ ಅನ್ನೂ ಮಾತು ಹಬ್ಬದಾಗ ಉಳದೈತಿ, ದಿನದ ಸಂಸಾರದಾಗ ಕಡಿಮಿ ಆಗೇತಿ.

ಸೋಮವಾರದ ರಾತ್ರಿ

ಈಗ ನಾ ಮೊದಲು ಹೇಳಿದ ಖರ್ಚಿಗೆ ಬರತೇನಿ.

1965ರಾಗ ದೇಶದಾಗ ಕಾಳಿನ ಕೊರತಿ ಆದಾಗ ಪ್ರಧಾನಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ವಾರಕ್ಕ ಒಂದು ಹೊತ್ತು ಊಟ ಬಿಡ್ರಿ ಅಂತ ಜನರನ್ನ ಕೇಳಿಕೊಂಡ್ರು. ಸೋಮವಾರ ರಾತ್ರಿ ಎಷ್ಟೋ ಕಡೆ ಖಾನಾವಳಿನೂ ಮುಚ್ಚಿದ್ರು. ದೇಶಕ್ಕ ದೇಶಾನ ಅವರ ಮಾತು ನಡಸಿತು, ಅದು ದೊಡ್ಡ ಮಾತು. ಆದ್ರ ನಮ್ಮ ಅವ್ವ ಅದನ್ನ ಹೇಳೂವಾಗ ನಗತಿದ್ಲು. "ನಮಗೇನ ಹೊಸಾದಲ್ಲ ಬಿಡವಾ. ಸೋಮವಾರ ಶಿವಂದು, ಮಂಗಳವಾರ ಶುಕ್ಕರವಾರ ಎಲ್ಲಮ್ಮಂದು. ವಾರದಾಗ ಮೂರು ದಿನಾ ಮೊದಲ ಬಿಟ್ಟೇವಿ" ಅಂತಿದ್ಲು.

ಆಮ್ಯಾಲ 1972ರ ಬರ. ಮಹಾರಾಷ್ಟ್ರದಾಗ ಬಾಳ ಜೋರು, ನಮ್ಮ ಉತ್ತರ ಕರ್ನಾಟಕಕ್ಕೂ ಹತ್ತಿತು. ಅತ್ತ ನವಿಲುತೀರ್ಥದಾಗ ಮಲಪ್ರಭಾಕ್ಕ ಡ್ಯಾಮ್ ಎದ್ದು ನಿಂತ ಕಾಲ ಅದು, ಇತ್ತ ಮಳಿ ಇಲ್ಲ. ಅಮೆರಿಕಾದಿಂದ ಮಿಲೋ ಅನ್ನೂ ಕೆಂಪ ಜ್ವಾಳ ದೇಶಕ್ಕ ತರಿಸಿದ್ರು. ಅದರ ರೊಟ್ಟಿ ಬಡದ್ರ ಅಂಚಿಗೆ ಹರೀತಿತ್ತು, ಬಾಯಾಗ ಕಸರು ಬರತಿತ್ತು ಅಂತ ಅವ್ವ ನೆನಸತಿದ್ಲು. ಆ ವರ್ಷ ನಾ ಕೈಗೂಸು. ಅವ್ವ ರಸ್ತಾದ ಕೆಲಸಕ್ಕ ಜಲ್ಲಿ ಒಡಿಯಾಕ ಹೋಗತಿದ್ಲು, ನಾ ಬದುವಿನ ಮ್ಯಾಲ ಜೋಳಗಿಯಾಗ.

ಮನಿಗೆ ಬಂದು ರೊಟ್ಟಿ ಬಡದು ಮೊದಲು ಅಪ್ಪಗ, ಕಾಕಾಗೋಳಿಗೆ, ಆಮ್ಯಾಲ ಹುಡುಗೂರಿಗೆ, ಆಮ್ಯಾಲ ಅತ್ತಿಗೆ. ಕಡೀಕ ಬುಟ್ಟ್ಯಾಗ ಉಳದ ಚೂರು, ಗಡಗಿ ತಳದ ಬ್ಯಾಳಿ ಕಟ್ಟು, ಅದು ಅವ್ವಂದು. ಎಷ್ಟೋ ದಿನಾ ಅಂಬಲಿ ಕುಡದು ಮಲಗ್ಯಾಳ. ಬರ ಹೋತು, ಸುಗ್ಗಿ ಬಂತು, ಗುಮ್ಮಿ ತುಂಬಿತು. ಆದ್ರ ಆ ಪಾಳಿ ಹೋಗಲಿಲ್ಲ. ನಾ ಲಗ್ನ ಆಗಿ ಹೋಗೂತನಕಾ ಅವ್ವ ತಾಟು ಹಚ್ಚಿಕೊಂಡು ಕುಂತು ಉಂಡದ್ದು ನಾ ಕಂಡಿಲ್ಲ. ಒಲಿ ಮುಂದ ಅಂಗೈಯಾಗ ರೊಟ್ಟಿ ಹಿಡಕೊಂಡು ತಿನ್ನಾಕಿ. ಆಕಿಗೆ ಅರವತ್ತಾದಾಗ ತಲಿ ತಿರುಗಿ ಬಿದ್ಲು. ದವಾಖಾನಿಗೆ ಒಯ್ದ್ರ ಡಾಕ್ಟರಮ್ಮ ರಕ್ತ ನೋಡಿ, "ಇಷ್ಟು ಕಡಿಮಿ ರಕ್ತದಾಗ ಇವರು ಇಷ್ಟು ವರ್ಷ ಹೆಂಗ ದುಡದ್ರು?" ಅಂತ ಕೇಳಿದ್ರು. ನಮ್ಮ ಕಡೆ ಉತ್ತರ ಇರಲಿಲ್ಲ. ಮನ್ಯಾಗ ಐದು ಚೀಲ ಜ್ವಾಳ ಇತ್ತು, ಡಬ್ಬಿ ತುಂಬ ಶೇಂಗಾ ಇತ್ತು, ಅಡಕಲ ತುಂಬ ಬೆಲ್ಲ ಇತ್ತು.

ಇದು ನಮ್ಮ ಅವ್ವಂದು ಒಬ್ಬಾಕಿದಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯೊಳಗ ದೇಶದಾಗ 15ರಿಂದ 49 ವರ್ಷದ ಹೆಣ್ಣಮಕ್ಕಳಾಗ ನೂರಕ್ಕ 57 ಮಂದಿಗೆ ರಕ್ತ ಕಡಿಮಿ ಅಂತ ಬಂತು. ಇದಕ್ಕ ಕಾರಣ ನೂರು ಇರಬಹುದು, ಆದ್ರ ಉಣ್ಣೂ ಪಾಳಿ ಅದರಾಗ ಒಂದು ಅಂತ ನಂಗ ಅನಸತೈತಿ. ಹಿರ್ಯಾರು ಕಡಿಮಿ ಖರ್ಚಿನ್ಯಾಗ ಸಂಸಾರ ನಡಸಿದ್ರು ಅಂತೇವಿ. ಆ ಉಳತಾಯದಾಗ ಒಂದು ಪಾಲು ಹಗೇವಿನಿಂದ ಬಂತು, ಒಂದು ಪಾಲು ಅವ್ವನ ತಾಟಿನಿಂದ ಬಂತು. ಮೊದಲನೇದು ಶ್ಯಾಣೇತನ. ಎರಡನೇದು ಸಾಲ, ಆಕಿ ಮೈಯಿಂದ ತಗೊಂಡು ತಿರುಗಿ ಕೊಡದ ಸಾಲ.

ಒಂದು ರೂಪಾಯಿ ಅಕ್ಕಿ ಬಂದ ಮ್ಯಾಲ

ಹಗೇವು ಒಂದ ದಿನಕ್ಕ ಮುಚ್ಚಲಿಲ್ಲ. ಹೊಲಾ ಪಾಲಾದ್ವು, ಜ್ವಾಳ ಕಡಿಮಿ ಆಗಿ ಗೋಂಜಾಳ, ಹತ್ತಿ, ಕಬ್ಬು ಬಂದ್ವು. ಸುಗ್ಗಿ ಕಾಳು ಕಣದಿಂದ ನೆಟ್ಟಗ ಪ್ಯಾಟಿಗೆ ಹೋಗಾಕ ಹತ್ತಿತು. ರೇಶನ್ ಅಂಗಡಿ ಬಂತು. 2013ರ ಜುಲೈ 10ಕ್ಕ ಅನ್ನಭಾಗ್ಯ ಶುರು ಆತು, ಒಂದು ರೂಪಾಯಿಗೆ ಒಂದು ಕಿಲೋ ಅಕ್ಕಿ, ಮೂರು ಮತ್ತ ಅದಕ್ಕಿಂತ ಹೆಚ್ಚು ಮಂದಿ ಇದ್ದ ಮನಿಗೆ ತಿಂಗಳಿಗೆ 30 ಕಿಲೋ. ಅದನ್ನ ಕೆಲವರು ಆಡಿಕೊಂಡ್ರು, ಮಂದಿ ಮೈಗಳ್ಳ ಆಗತಾರ ಅಂತ. ಒಂದು ಪೌಂಡ್ ಕಾಳಿನ ಕತಿ ಗೊತ್ತಿದ್ದವರು ಹಂಗ ಆಡೂದಿಲ್ಲ. ನಮ್ಮ ಓಣ್ಯಾಗ ಹೊಲಾ ಇಲ್ಲದ ಹೆಣ್ಣಮಗಳೊಬ್ಬಾಕಿ, "ಅಕ್ಕಾರ, ಈ ಅಕ್ಕಿನ ನಮ್ಮ ಹಗೇವ್ರಿ" ಅಂದಿದ್ಲು. ನಂಗ ಅದು ಇವತ್ತಿಗೂ ಕಿವ್ಯಾಗ ಐತಿ. 1876ರಾಗ ಯಾರಿಗೆ ಹಗೇವು ಇರಲಿಲ್ಲೋ ಅವರಿಗೆ ಇದು ಬಂತು.

ಆದ್ರ ಅಕ್ಕಿ ಬಂದ ಮ್ಯಾಲ ಒಂದು ಕಳಕೊಂಡ್ವಿ. ಅಕ್ಕಿ ಸೋವಿ ಅಂತ ಮೂರು ಹೊತ್ತೂ ಅಕ್ಕಿ, ಮ್ಯಾಲ ನೀರಿನಂಥಾ ಸಾರು. ಕಾಳು ಹೋತು, ಪಲ್ಯ ಹೋತು, ಹಿಂಡಿ ಹೋತು. ಅದೂ ಟೆಂಪಲ್ಲನ ಲೆಕ್ಕನ ಆತಲ್ಲ, ಹೊಟ್ಟಿ ತುಂಬೂ ಲೆಕ್ಕ. ಅಕ್ಕಿಯಿಂದ ಉಳದ ರೊಕ್ಕಾ ಬ್ಯಾಳಿಗೆ, ಶೇಂಗಾಕ್ಕ, ತತ್ತಿಗೆ, ತಪ್ಪಲಪಲ್ಯಕ್ಕ ಹೋಗಬೇಕು. ಬಿಸ್ಕೀಟು, ಕುರಕುರಿ ಪಾಕೀಟಿಗೆ ಹೋದ್ರ ಅಕ್ಕಿ ಕೊಟ್ಟೂ ದಂಡ. 2023ರ ಆಗಸ್ಟಿನಿಂದ ಗೃಹಲಕ್ಷ್ಮಿ ಎರಡು ಸಾವಿರ ಬರಾಕ ಹತ್ತೇತಿ. ಅದು ಹೆಣ್ಣಮಗಳ ಹೆಸರಿಗೆ ಬರೂ ರೊಕ್ಕ. ಅದರಾಗ ಆಕಿ ತಾಟಿನ ಪಾಲು ಎಷ್ಟು ಅಂತ ನೀವ ನಿಮ್ಮನ್ನ ಕೇಳಿಕೊಳ್ರಿ.

ನಾ ಈಗ ಮಾಡೂದು

ಹಗೇವು ತಿರುಗಿ ತುಂಬ್ರಿ ಅಂತ ನಾ ಹೇಳೂದಿಲ್ಲ. ಆದ್ರ ಆಯಿಯ ಸುಗ್ಗಿ ಲೆಕ್ಕ ಇವತ್ತಿಗೂ ನಡೀತೈತಿ. ಕಾಳು ಹೊಸದಾಗಿ ಪ್ಯಾಟಿಗೆ ಬಂದಾಗ ಸೋವಿ, ಮಳಿಗಾಲದಾಗ ತುಟ್ಟಿ. ನಾ ಹೊಂದಿಸಿಕೊಂಡದ್ದು ಹಿಂಗ.

ಹೆಸರು ಗಣಪತಿ ಹಬ್ಬದ ಹಿಂದ ಮುಂದ. ಶೇಂಗಾ ದೀಪಾವಳಿ ಸುತ್ತ. ಬೆಲ್ಲ ಗಾಣ ನಡಿಯೂ ಥಂಡ್ಯಾಗ. ತೊಗರಿ ಸಂಕ್ರಮಣ ಆದ ಮ್ಯಾಲ, ಕಡ್ಲಿ ಶಿವರಾತ್ರಿ ಸುಮಾರಿಗೆ, ಆಗ ಹುಣಸಿಹಣ್ಣು, ಮೆಣಸಿನಕಾಯಿನೂ ಬರತಾವು. ಬಿಳಿಜ್ವಾಳ, ಗೋದಿ ಹೋಳಿ ಹುಣ್ಣಿಮಿಯಿಂದ ಯುಗಾದಿತನಕ. ಎಲ್ಲಾ ಒಂದ ತಿಂಗಳಿನಾಗ ತಗೊಳ್ಳೂದು ಬಡವರ ಕೈಯಿಂದ ಆಗೂದಿಲ್ಲ, ಅದಕ್ಕ ಸುಗ್ಗಿನ ಕಂತು ಮಾಡಿಕೊಟ್ಟೈತಿ. ತಿಂಗಳಿಗೆ ಒಂದು ಕಾಳು ಹಿಡೀರಿ. ಅದೂ ಆಗದಿದ್ರ ನಾಕು ಮಂದಿ ಕೂಡಿ ಒಂದು ಚೀಲಾ ತಂದು ಅಳದು ಹಂಚಿಕೊಳ್ರಿ. ಸ್ವಸಹಾಯ ಸಂಘದವರು ಹಿಂಗ ಮಾಡಿದ್ರ ಇನ್ನೂ ಚೊಲೋ.

ನಮ್ಮ ಮನ್ಯಾಗ ನಾಕು ಮಂದಿಗೆ ದಿನಕ್ಕ ಮುಕ್ಕಾಲು ಕಿಲೋ ಜ್ವಾಳದ ಹಿಟ್ಟು. ಅಂದ್ರ ವರ್ಷಕ್ಕ ಪೌಣೆ ಮೂರು ಕ್ವಿಂಟಲ್. ಮೊದಲು ನಿಮ್ಮ ಮನಿ ಒಂದು ದಿನದ ಅಳತಿ ತಗೀರಿ, ಆಮ್ಯಾಲ ಚೀಲಾ ತರ್ರಿ. ತಂದ ಕಾಳು ಎರಡು ಮೂರು ದಿನಾ ಚೊಲೋ ಬಿಸಲಿಗೆ ಹಾಕ್ರಿ. ಹಲ್ಲಿಗೆ ಹಾಕಿ ಕಡದ್ರ ಕಟ್ ಅಂತ ಒಡೀಬೇಕು, ಚಪ್ಪಟಿ ಆದ್ರ ಇನ್ನೂ ಹಸಿ. ಆರಿಸಿ ತಣ್ಣಗ ಮಾಡಿ, ಒಣಾ ಡ್ರಮ್ಮಿಗೆ ಬಾಯಿತನಕ ತುಂಬಿ ಗಟ್ಟ್ಯಾಗಿ ಮುಚ್ರಿ. ಅರ್ಧಾ ಡ್ರಮ್ಮು ಗಾಳಿ ಉಳದ್ರ ಹುಳಕ್ಕ ಮನಿ ಕಟ್ಟಿಕೊಟ್ಟಂಗ. ದಿನಾ ತಗಿಯೂ ಕಾಳು ಬ್ಯಾರೆ ಸಣ್ಣ ಡಬ್ಬಿಯಾಗ ಇಡ್ರಿ, ದೊಡ್ಡದನ್ನ ಪದೇ ಪದೇ ತಗೀಬ್ಯಾಡ್ರಿ. ಹಿಂದಿನ ವರ್ಷದ ಕಾಳು ಮೊದಲು, ಹೊಸಾದು ಆಮ್ಯಾಲ. ಇನ್ನೊಂದು, ಕಾಳಿಗೆ ಇಡೂ ವಿಷದ ಗುಳಿಗಿ ಮನ್ಯಾಗ ತರಲೇಬ್ಯಾಡ್ರಿ. ಅದರ ಗಾಳಿ ಮಲಗಿದವರ ಜೀವಾನ ತಗೀತೈತಿ. ಬೇವಿನ ತಪ್ಪಲಾ, ಬೂದಿ, ಬಿಸಲು ಸಾಕು.

ತಾಟಿನ ಲೆಕ್ಕ ಇನ್ನೂ ಸಸಾರ. ರೊಟ್ಟಿ ಇಲ್ಲ ಅನ್ನ ಒಂದು, ಕಾಳು ಇಲ್ಲ ಬ್ಯಾಳಿ ಒಂದು, ತಪ್ಪಲಪಲ್ಯ ಒಂದು, ಹಿಂಡಿ ಒಂದು ಚಮಚ, ಮಜ್ಜಿಗಿ ಇದ್ರ ಮಜ್ಜಿಗಿ. ಪುಂಡಿಪಲ್ಯ, ರಾಜಗಿರಿ, ಹಕ್ಕರಕಿ ಸುಗ್ಗ್ಯಾಗ ಕೈಗೆ ಸಿಕ್ಕಂಗ ಸೋವಿ. ಮಡಕಿಕಾಳು ಮೊಳಕಿ ಬಂದ್ರ ಒಂದು ಮುಟಗಿ ಎರಡು ಮುಟಗಿ ಆಗತೈತಿ. ಒಂದು ನಿಂಬಿಹಣ್ಣು ಹಿಂಡಿಕೊಂಡ್ರ ಕಾಳು, ತಪ್ಪಲದಾಗಿನ ಕಬ್ಬಿಣದ ಅಂಶ ಮೈಗೆ ಚೊಲೋ ಹತ್ತತೈತಿ. ಊಟಕ್ಕ ಕೂಡಲೇ ಚಾ ಕುಡಿಯೂದು ಮಾತ್ರ ಬಿಡ್ರಿ, ಅದು ಹತ್ತಗೊಡೂದಿಲ್ಲ.

ಅಂಗಳದ ಫರಸಿ ಕೆಲಸ ಮುಗೀತು. ಹಗೇವಿಗೆ ಮರಳು, ಮಣ್ಣು ತುಂಬಿಸಿದ್ವಿ, ಹುಡುಗೂರು ಅಡ್ಡಾಡೂ ಜಾಗ, ಹಂಗ ಬಿಡೂವಂಗ ಇರಲಿಲ್ಲ. ಆದ್ರ ಚಪ್ಪಡಿ ಕಲ್ಲು ಮಾತ್ರ ಗೌಂಡಿಗೆ ಹೇಳಿ ಅದ ಜಾಗಾದಾಗ, ಹೊಸಾ ಫರಸಿ ನಡುವ ಕಾಣೂವಂಗ ಇಡಸೇನಿ. ಅಂವ "ಚೆಂದ ಕಾಣೂದಿಲ್ರೀ ಅಕ್ಕಾರ" ಅಂದ. ಇರಲಿ ಬಿಡಪಾ ಅಂದೆ.

ಅವತ್ತ ರಾತ್ರಿ ಸೊಸಿ ಎಲ್ಲಾರಿಗೂ ನೀಡಿ ಒಲಿ ಕಡೆ ಹೊಂಟಿದ್ಲು. "ಎಲ್ಲಿಗವಾ? ನಿನ್ನ ತಾಟು ತಗೊಂಡು ಇಲ್ಲೆ ಬಾ" ಅಂದೆ. "ನೀವು ಉಣ್ರಿ ಅತ್ತೀ, ನಂದು ಆಮ್ಯಾಲ" ಅಂದ್ಲು, ಅದ ನಮ್ಮ ಅವ್ವನ ಧಾಟಿ. ನಾ ಎದ್ದು ಬುಟ್ಟಿನ ನಡುವ ತಂದಿಟ್ಟೆ. ಬೇಕಾದವರು ಬೇಕಾದಷ್ಟು ತಗೊಳ್ರಿ, ಕಡಿಮಿ ಬಿದ್ರ ಎಲ್ಲಾರಿಗೂ ಕಡಿಮಿ ಬೀಳಲಿ ಅಂದೆ. ಮಗ ಒಂದು ಗಳಿಗಿ ಸುಮ್ಮನ ಕುಂತು, ತನ್ನ ತಾಟಿನಾಗಿನ ಎರಡನೇ ರೊಟ್ಟಿ ಮುರದು ಆಕಿ ತಾಟಿಗೆ ಹಾಕಿದ. ಅವತ್ತಿಂದ ನಮ್ಮ ಮನ್ಯಾಗ ಬುಟ್ಟಿ ನಡುವನ ಇರತೈತಿ.